ನೋವಿನ ಬಾಗಿಲು

(ನಮ್ಮ ಕನ್ನಡ ಶಾಲೆಯ ಪದವಿ ಪ್ರದಾನ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವರ್ಷದ ಪದವಿ ತರಗತಿಯವರು ನನ್ನನ್ನು ಕರೆಯುವಾಗಲೇ ಒಂದು ಷರತ್ತು ಹಾಕಿದರು. "ಆಂಟಿ, ಕನ್ನಡ ಉಳಿಸಿ, ಬೆಳೆಸಿ ಅಂತ ಮಾತ್ರ ಹೇಳಬೇಡಿ. ಅದನ್ನು ಎಲ್ಲರೂ ಹೇಳಿದ್ದಾರೆ. ನೀವು ಲ್ಯಾಬಿನಲ್ಲಿ ಏನು ಮಾಡ್ತೀರಿ ಅಂತ ಹೇಳಿ, ಆದರೆ ಕನ್ನಡದಲ್ಲೇ ಹೇಳಬೇಕು." ನಿಮಗೆ ಇಷ್ಟು ವರ್ಷ ಪರೀಕ್ಷೆ ಇಟ್ಟವರ ಪರವಾಗಿ ನನಗೊಂದು ಪರೀಕ್ಷೆ ಇಟ್ಟಿದ್ದೀರಿ ಅಂದುಕೊಂಡು ಒಪ್ಪಿಕೊಂಡೆ. ಸೋಡಿಯಂ, ಪ್ರೋಟೀನ್, ಚಾನೆಲ್ ಇಂಥ ಕೆಲವು ಮಾತುಗಳು ಬಂದೇ ಬರುತ್ತವೆ. ಕಾಫಿ, ಬಸ್ಸುಗಳ ಹಾಗೆ ಅವೂ ನಮ್ಮವೇ ಎಂದು ತಿಳಿದುಕೊಳ್ಳಿ.

ನನ್ನ ಕೆಲಸ ಒಂದು ಸಾಲಿನಲ್ಲಿ ಹೇಳುವುದಾದರೆ ಇಷ್ಟು: ನಮ್ಮ ನರಗಳಲ್ಲಿ ನೋವಿನ ಸುದ್ದಿ ಸಾಗಲು ಚಿಕ್ಕ ಚಿಕ್ಕ ಬಾಗಿಲುಗಳು ತೆರೆಯಬೇಕು. ಬೇರೆ ಯಾವ ಬಾಗಿಲಿಗೂ ತೊಂದರೆ ಮಾಡದೆ ಆ ಬಾಗಿಲನ್ನಷ್ಟೇ ಮುಚ್ಚಬಲ್ಲ ಔಷಧಿಯನ್ನು ಹುಡುಕುವುದು. ಇಪ್ಪತ್ತು ವರ್ಷಗಳಿಂದ ಈ ಸ್ಯಾನ್ ಡಿಯಾಗೋದಲ್ಲೇ ಇದನ್ನು ಮಾಡುತ್ತಿದ್ದೇನೆ.

ಮೊದಲು ಬಾಗಿಲು ಅಂದರೇನು ನೋಡೋಣ. ನೀವೆಲ್ಲ ಒಂದಲ್ಲ ಒಂದು ದಿನ ಕಾಲ್ಬೆರಳನ್ನು ಮಂಚದ ಕಾಲಿಗೆ ಬಡಿದುಕೊಂಡಿದ್ದೀರಿ. ನೆನಪು ಮಾಡಿಕೊಳ್ಳಿ. ಮೊದಲು ಚುರ್ ಅನ್ನುತ್ತದೆ. ಅದಾದ ಮೇಲೆ ಅರೆಗಳಿಗೆ ಏನೂ ಇರುವುದಿಲ್ಲ. "ಈಗ ಬರುತ್ತೆ ನೋಡು" ಎಂದು ಹಲ್ಲು ಕಚ್ಚಿಕೊಂಡು ಕಾಯುತ್ತೀರಿ. ಆಮೇಲೆ ನಿಧಾನವಾಗಿ, ಉರಿಯುತ್ತಾ ಮಿಡಿಯುತ್ತಾ ಎರಡನೆಯ ನೋವು ಬರುತ್ತದೆ. ಬೇರೆ ಬೇರೆ ನರತಂತುಗಳು ತಂದ ಎರಡು ಸುದ್ದಿಗಳು ಇವು. ಮೊದಲನೆಯದು ಸೆಕೆಂಡಿಗೆ ಹತ್ತಿಪ್ಪತ್ತು ಮೀಟರ್ ಓಡುವ ತಂತು. ಎರಡನೆಯದು ಸೆಕೆಂಡಿಗೆ ಸುಮಾರು ಒಂದೇ ಮೀಟರ್ ನಡೆಯುವ ತೆಳ್ಳನೆಯ ತಂತು. ಕಾಲ್ಬೆರಳಿನಿಂದ ಬೆನ್ನುಹುರಿಗೆ ಅಷ್ಟು ದೂರ ಇರುವುದರಿಂದ ಎರಡನೆಯದು ತಲುಪುವುದು ತಡ.

ಆ ಸುದ್ದಿ ಸಾಗುವುದು ಉಪ್ಪಿನಿಂದ. ನರದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ. ನರದ ಪೊರೆಯಲ್ಲಿ ಪ್ರೋಟೀನಿನಿಂದ ಆದ ಬಾಗಿಲುಗಳಿವೆ. ಇವಕ್ಕೆ ಅಯಾನ್ ಚಾನೆಲ್ ಎನ್ನುತ್ತಾರೆ. ಒಂದು ಬಾಗಿಲು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು ತೆರೆದರೂ ಸಾಕು, ಸೋಡಿಯಂ ಒಳಗೆ ನುಗ್ಗುತ್ತದೆ. ಒಳಗಿನ ವಿದ್ಯುತ್ತು ಬದಲಾಗುತ್ತದೆ. ಅದನ್ನು ಕಂಡು ಪಕ್ಕದ ಬಾಗಿಲು ತೆರೆಯುತ್ತದೆ, ಅದರ ಪಕ್ಕದ್ದು, ಅದರ ಪಕ್ಕದ್ದು. ಸಾಲಾಗಿ ನಿಂತವರು ಒಬ್ಬರಿಂದ ಒಬ್ಬರಿಗೆ ಕೊಡಪಾನ ದಾಟಿಸುವ ಹಾಗೆ. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಸಮುದ್ರದ ಸ್ಕ್ವಿಡ್ ಪ್ರಾಣಿಯ ದಪ್ಪ ನರದಲ್ಲಿ ಇದನ್ನು ಅಳೆದು 1952ರಲ್ಲಿ ಲೆಕ್ಕ ಸಮೇತ ಪ್ರಕಟಿಸಿದರು. 1963ರಲ್ಲಿ ನೊಬೆಲ್ ಬಂತು.

ಹಾಗಾದರೆ ಸೋಡಿಯಂ ಬಾಗಿಲು ಮುಚ್ಚಿದರೆ ನೋವು ನಿಲ್ಲಬೇಕಲ್ಲ? ನಿಲ್ಲುತ್ತದೆ. ಹಲ್ಲಿನ ಡಾಕ್ಟರು ವಸಡಿಗೆ ಕೊಡುವ ಇಂಜೆಕ್ಷನ್ ಮಾಡುವುದು ಅದನ್ನೇ. ಆ ಲಿಡೊಕೇನ್ 1940ರ ದಶಕದಿಂದ ಇದೆ. ಅದನ್ನೇ ಮಾತ್ರೆ ಮಾಡಿ ನುಂಗಬಾರದೇಕೆ? ಏಕೆಂದರೆ ನಮ್ಮ ಮೈಯಲ್ಲಿ ಈ ಸೋಡಿಯಂ ಬಾಗಿಲುಗಳು ಒಂಬತ್ತು ಬಗೆ. ವಿಜ್ಞಾನಿಗಳು ಅವಕ್ಕೆ ನ್ಯಾವ್ 1.1ರಿಂದ 1.9ರವರೆಗೆ ಹೆಸರಿಟ್ಟಿದ್ದಾರೆ. 1.5 ಹೃದಯದ್ದು, 1.4 ಮಾಂಸಖಂಡದ್ದು, ಇನ್ನು ಕೆಲವು ಮಿದುಳಿನವು. ಒಂಬತ್ತೂ ಒಂದೇ ತಾಯಿ ಮಕ್ಕಳ ಹಾಗೆ ಹೋಲುತ್ತವೆ. ಎಲ್ಲವನ್ನೂ ಒಟ್ಟಿಗೆ ಮುಚ್ಚಿದರೆ ನೋವೇನೋ ನಿಲ್ಲುತ್ತದೆ, ಹೃದಯವೂ ನಿಲ್ಲುತ್ತದೆ. ಹಾಗಾಗಿ ಲಿಡೊಕೇನನ್ನು ವಸಡಿನ ಮಟ್ಟಿಗೆ ಕೊಡಬಹುದು, ಇಡೀ ಮೈಗೆ ಮಾತ್ರೆಯಾಗಿ ಅಲ್ಲ.

ಮುಖ್ಯವಾಗಿ ನೋವಿನ ನರಗಳಲ್ಲೇ ಇರುವವು 1.7, 1.8 ಮತ್ತು 1.9. ನಮ್ಮ ಕಥೆಯೆಲ್ಲ ಇವುಗಳದ್ದೇ.

"ನೋವಿಗೆ ಆಗಲೇ ಔಷಧಿ ಇದೆಯಲ್ಲ, ಹೊಸದು ಯಾಕೆ ಬೇಕು?" ಎಂದು ನೀವು ಕೇಳಬಹುದು. ನಿಜ, ಇದೆ. ಗಸಗಸೆ ಪಾಯಸ ಉಂಡ ಮಧ್ಯಾಹ್ನ ಮನೆಮಂದಿಯೆಲ್ಲ ತೂಕಡಿಸುವುದನ್ನು ನೋಡಿ ನಗುತ್ತೇವೆ. ಆ ಗಸಗಸೆ ಗಿಡದ ಹಸಿ ಕಾಯಿಯನ್ನು ಗೀರಿದಾಗ ಬರುವ ಹಾಲೇ ಅಫೀಮು, ಅದರಿಂದಲೇ ಮಾರ್ಫಿನ್. ದೊಡ್ಡ ನೋವಿಗೆ ಅದಕ್ಕಿಂತ ಒಳ್ಳೆಯ ಔಷಧಿ ಇವತ್ತಿಗೂ ಸುಲಭವಾಗಿ ಸಿಗುವುದಿಲ್ಲ. ಆದರೆ ಅದು ಮಿದುಳಿನ ಒಳಗೆ ಕೆಲಸ ಮಾಡುತ್ತದೆ, ಚಟ ಹಿಡಿಸುತ್ತದೆ, ಹೆಚ್ಚಾದರೆ ಉಸಿರು ನಿಲ್ಲಿಸುತ್ತದೆ. ಈ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ಈ ಬಗೆಯ ವಸ್ತುಗಳ ಅತಿಸೇವನೆಯಿಂದ 80 ಸಾವಿರಕ್ಕೂ ಹೆಚ್ಚು ಜನ ಸತ್ತರು. ನಿಮ್ಮ ಹೈಸ್ಕೂಲುಗಳಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟೇ ಇರುತ್ತಾರೆ. ನಮ್ಮ ಭಾರತದಲ್ಲಿ ಇದಕ್ಕೆ ಪೂರ್ತಿ ತಿರುಗುಮುರುಗು. ಸರ್ಕಾರದ ಪರವಾನಗಿ ಪಡೆದು ಅಫೀಮು ಬೆಳೆಯುವ ದೇಶ ಅದು. ಆದರೂ 1985ರ ಮಾದಕವಸ್ತು ಕಾನೂನು ಎಷ್ಟು ಬಿಗಿಯಾಗಿತ್ತೆಂದರೆ, ಕ್ಯಾನ್ಸರ್ ರೋಗಿಗೆ ಕೊನೆಗಾಲದಲ್ಲಿ ಮಾರ್ಫಿನ್ ಸಿಗುವುದೇ ಕಷ್ಟವಾಗಿತ್ತು. 2014ರಲ್ಲಿ ಕಾನೂನನ್ನು ಸಡಿಲಿಸಿದರು. ಒಂದು ಕಡೆ ಔಷಧಿ ಹೆಚ್ಚಾಗಿ ಸಾಯುವವರು, ಇನ್ನೊಂದು ಕಡೆ ಔಷಧಿ ಸಿಗದೆ ನರಳುವವರು. ಚಟ ಹಿಡಿಸದ ನೋವಿನ ಮಾತ್ರೆಯೊಂದಿದ್ದರೆ ಇಬ್ಬರಿಗೂ ಬೇಕು.

ಹುಡುಕಾಟ ಎಲ್ಲಿಂದ ಶುರುವಾಯಿತು? ದೊಡ್ಡ ಯಂತ್ರಗಳಿಂದ ಅಲ್ಲ. ಎರಡು ಕಡೆಯ ಮನೆಗಳಿಂದ.

ಉತ್ತರ ಪಾಕಿಸ್ತಾನದಲ್ಲಿ ಒಬ್ಬ ಹುಡುಗನಿದ್ದ, ಹತ್ತು ವರ್ಷ. ಬೀದಿಯಲ್ಲಿ ಆಟ ತೋರಿಸುತ್ತಿದ್ದ. ತೋಳಿಗೆ ಚಾಕು ಚುಚ್ಚಿಕೊಳ್ಳುತ್ತಿದ್ದ, ಕೆಂಡದ ಮೇಲೆ ನಡೆಯುತ್ತಿದ್ದ. ಆಮೇಲೆ ಆಸ್ಪತ್ರೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದ. ಅವನಿಗೆ ನೋವು ಎಂದರೇನೆಂದೇ ಗೊತ್ತಿರಲಿಲ್ಲ. ಹದಿನಾಲ್ಕು ತುಂಬುವ ಹೊತ್ತಿಗೆ ಮನೆಯ ಚಾವಣಿಯಿಂದ ಹಾರಿ ತೀರಿಕೊಂಡ. ನೋವು ಬೇಡ ಬೇಡ ಅನ್ನುತ್ತೇವಲ್ಲ, "ಸಾಕು, ನಿಲ್ಲು" ಎಂದು ಹೇಳುವುದೂ ಅದೇ ನೋವು. ಕೇಂಬ್ರಿಜ್‌ನ ಜೆಫ್ರಿ ವುಡ್ಸ್ ಮತ್ತು ಸಂಗಡಿಗರು ಇಂಥದೇ ಲಕ್ಷಣದ ಮೂರು ಕುಟುಂಬಗಳನ್ನು ಪರೀಕ್ಷಿಸಿದರು. ಆ ಮಕ್ಕಳ ತುಟಿ ನಾಲಿಗೆಗಳಲ್ಲಿ ತಾವೇ ಕಚ್ಚಿಕೊಂಡ ಗಾಯಗಳಿದ್ದವು, ಗೊತ್ತೇ ಆಗದೆ ಮುರಿದುಕೊಂಡ ಮೂಳೆಗಳಿದ್ದವು. 2006ರಲ್ಲಿ ಕಾರಣ ಪ್ರಕಟವಾಯಿತು. ಅವರಲ್ಲಿ ನ್ಯಾವ್ 1.7ರ ಬಾಗಿಲು ಕೆಲಸವನ್ನೇ ಮಾಡುತ್ತಿರಲಿಲ್ಲ.

ಅದಕ್ಕೆ ಎರಡು ವರ್ಷ ಮುಂಚೆ, 2004ರಲ್ಲಿ, ಚೀನಾದ ವೈದ್ಯರು ಇದಕ್ಕೆ ತದ್ವಿರುದ್ಧದ ರೋಗವನ್ನು ವಿವರಿಸಿದ್ದರು. ಅಂಥವರಿಗೆ ಸ್ವಲ್ಪ ಬಿಸಿಲು, ಸ್ವಲ್ಪ ನಡಿಗೆ, ಒಂದು ಜೊತೆ ಕಾಲುಚೀಲ ಸಾಕು. ಪಾದ ಕೆಂಪಾಗಿ ಬೆಂಕಿಯಲ್ಲಿಟ್ಟ ಹಾಗೆ ಉರಿಯುತ್ತದೆ. ಮಂಜುಗಡ್ಡೆಯ ನೀರಿನಲ್ಲಿ ಕಾಲಿಟ್ಟುಕೊಂಡು ರಾತ್ರಿ ಕಳೆಯುತ್ತಾರೆ. ಅವರಲ್ಲೂ ಕೆಟ್ಟಿದ್ದು ಅದೇ ನ್ಯಾವ್ 1.7ರ ಜೀನ್. ಇವರಲ್ಲಿ ಬಾಗಿಲು ತೀರಾ ಸಲೀಸಾಗಿ ತೆರೆದುಕೊಳ್ಳುತ್ತದೆ.

ಒಂದೇ ಬಾಗಿಲು. ಮುಚ್ಚಿಕೊಂಡರೆ ನೋವೇ ಇಲ್ಲ, ತೆರೆದುಕೊಂಡರೆ ನೋವೇ ನೋವು. ಇದಕ್ಕಿಂತ ಒಳ್ಳೆಯ ಸುಳಿವು ಬೇಕೆ? ಔಷಧಿ ಕಂಪನಿಗಳೆಲ್ಲ ಒಮ್ಮೆಲೇ ಅತ್ತ ಓಡಿದವು. ನಾನೂ ಓಡಿದವರಲ್ಲಿ ಒಬ್ಬಳು.

ಲ್ಯಾಬಿನಲ್ಲಿ ಹುಡುಕುವ ಕ್ರಮ ಹೀಗಿರುತ್ತದೆ. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 384 ಗುಳಿಗಳು. ನಮ್ಮ ಪಡ್ಡಿನ ಕಾವಲಿಯನ್ನು ತೀರಾ ಚಿಕ್ಕದು ಮಾಡಿದ ಹಾಗೆ. ಪ್ರತಿ ಗುಳಿಯಲ್ಲೂ ನಮಗೆ ಬೇಕಾದ ಬಾಗಿಲನ್ನು ಹೊತ್ತ ಜೀವಕೋಶಗಳು. ರೋಬೋಟ್ ಒಂದೊಂದು ಗುಳಿಗೂ ಒಂದೊಂದು ಅಣು ಹಾಕುತ್ತದೆ. ವಿದ್ಯುತ್ತು ಬದಲಾದರೆ ಬಣ್ಣ ಬದಲಿಸುವ ದ್ರಾವಣವೊಂದಿದೆ. ಆ ಬಣ್ಣಗಳ ವಿದ್ಯೆಯನ್ನು ಬೆಳೆಸಿದವರಲ್ಲಿ ದೊಡ್ಡ ಹೆಸರು ನಮ್ಮ ಊರಿನದೇ. ಇಲ್ಲಿಯ ಯುಸಿಎಸ್‌ಡಿಯಲ್ಲಿದ್ದ ರೋಜರ್ ಚೆನ್, 2008ರ ನೊಬೆಲ್ ಪಡೆದವರು. ಹೀಗೆ ಲಕ್ಷಗಟ್ಟಲೆ ಅಣುಗಳನ್ನು ಜರಡಿ ಹಿಡಿಯುತ್ತೇವೆ. ಉಳಿದ ಕೆಲವನ್ನು ಸೂಕ್ಷ್ಮವಾಗಿ ಪರೀಕ್ಷಿಸುತ್ತೇವೆ. ಕೂದಲಿಗಿಂತ ಎಷ್ಟೋ ತೆಳುವಾದ ಗಾಜಿನ ನಳಿಗೆಯ ತುದಿಯನ್ನು ಒಂದೇ ಒಂದು ಜೀವಕೋಶಕ್ಕೆ ಅಂಟಿಸಿ, ಬಾಗಿಲು ತೆರೆದು ಮುಚ್ಚುವುದನ್ನು ಅಳೆಯುವುದು. ಈ ಉಪಾಯ ಕಂಡುಹಿಡಿದ ನೆಹರ್ ಮತ್ತು ಸಾಕ್‌ಮನ್ ಎಂಬ ಜರ್ಮನ್ ವಿಜ್ಞಾನಿಗಳಿಗೆ 1991ರ ನೊಬೆಲ್ ಬಂತು.

ಅಣು ನಮ್ಮ ಬಾಗಿಲನ್ನು ಮುಚ್ಚಿದರೆ ಅರ್ಧ ಕೆಲಸವೂ ಆಗಿಲ್ಲ. ಹೃದಯದ ಬಾಗಿಲನ್ನು ಮುಟ್ಟದೆ ಬಿಡುತ್ತದೆಯೇ? ಹೊಟ್ಟೆಯಲ್ಲಿ ಕರಗುತ್ತದೆಯೇ? ಪಿತ್ತಜನಕಾಂಗ ಅದನ್ನು ಹತ್ತು ನಿಮಿಷದಲ್ಲಿ ಅರೆದು ಹಾಕುತ್ತದೆಯೇ? ರಕ್ತದ ಪ್ರೋಟೀನಿಗೆ ಅಂಟಿಕೊಂಡು ನರಕ್ಕೆ ತಲುಪುವುದೇ ಇಲ್ಲವೇ? ಹೆಣ್ಣು ನೋಡುವ, ಗಂಡು ನೋಡುವ ಕಾಲದಲ್ಲಿ ಮನೆಯವರು ಇಷ್ಟೊಂದು ವಿಚಾರಿಸುತ್ತಿರಲಿಲ್ಲ.

ನಾನು ಆರು ವರ್ಷ ದುಡಿದ ನ್ಯಾವ್ 1.7ರ ಯೋಜನೆ ಇವೆಲ್ಲವನ್ನೂ ಪಾಸು ಮಾಡಿತು. ಇಲಿಗಳಲ್ಲಿ ಚೆನ್ನಾಗಿತ್ತು. ಮನುಷ್ಯರಿಗೆ ಕೊಟ್ಟಾಗ ಹುಸಿ ಮಾತ್ರೆಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಒಂದು ಬುಧವಾರ ಮಧ್ಯಾಹ್ನ ನಮ್ಮನ್ನೆಲ್ಲ ಕೂರಿಸಿ ಯೋಜನೆ ಮುಗಿಯಿತು ಎಂದರು. ಬೇರೆ ಬೇರೆ ಕಂಪನಿಗಳ ಹಲವು ಅಣುಗಳ ಗತಿಯೂ ಅದೇ ಆಯಿತು. ಕಾರಣಗಳು ಒಂದೊಂದಾಗಿ ತಿಳಿಯುತ್ತಿವೆ. ಒಂದನ್ನು ಹೇಳುತ್ತೇನೆ. 2015ರಲ್ಲಿ ಲಂಡನ್ನಿನ ತಂಡವೊಂದು ಗಮನಿಸಿದ್ದು: ಹುಟ್ಟಿನಿಂದಲೇ ಈ ಬಾಗಿಲಿಲ್ಲದವರ ಮೈ, ತನ್ನದೇ ಆದ ಅಫೀಮಿನಂಥ ವಸ್ತುವನ್ನು ಹೆಚ್ಚಾಗಿ ತಯಾರಿಸಿಕೊಳ್ಳುತ್ತದೆ. ಅದನ್ನು ತಡೆಯುವ ಔಷಧಿ ಕೊಟ್ಟಾಗ, ಹುಟ್ಟಿದಂದಿನಿಂದ ನೋವನ್ನೇ ಅರಿಯದಿದ್ದ ಮಹಿಳೆಯೊಬ್ಬರಿಗೆ ಮೊದಲ ಬಾರಿಗೆ ನೋವು ತಿಳಿಯಿತು. ಅಂದರೆ ಬಾಗಿಲು ಮುಚ್ಚುವುದು ಕಥೆಯ ಒಂದು ಭಾಗ ಅಷ್ಟೇ.

ಸೋತ ಬಾಗಿಲುಗಳ ಪಟ್ಟಿಯಲ್ಲಿ ಮೆಣಸಿನಕಾಯಿಯ ಬಾಗಿಲೂ ಇದೆ. 1997ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡೇವಿಡ್ ಜೂಲಿಯಸ್ ತಂಡ ಅದನ್ನು ಪತ್ತೆ ಮಾಡಿತು. ಮೆಣಸಿನ ಖಾರ ಮತ್ತು ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖ, ಎರಡೂ ತಟ್ಟುವುದು ಒಂದೇ ಬಾಗಿಲನ್ನು. 2021ರಲ್ಲಿ ಜೂಲಿಯಸ್ ಅವರಿಗೆ, ಸ್ಪರ್ಶದ ಬಾಗಿಲು ಹುಡುಕಿದ ನಮ್ಮ ಲಾ ಹೋಯಾದ ಆರ್ಡೆಮ್ ಪಟಾಪೂಟಿಯನ್ ಅವರ ಜೊತೆ ನೊಬೆಲ್ ಬಂತು. ಆದರೆ ನಮ್ಮ ಅಜ್ಜಿಯರು ಇದನ್ನು ಮೊದಲೇ ಹೇಳಿದ್ದರಲ್ಲ! ಗುಂಟೂರು ಮೆಣಸಿನಕಾಯಿ ಕಚ್ಚಿದರೆ "ಬಾಯಿ ಉರಿ" ಎನ್ನುತ್ತೇವೆ. ಕೆಂಡ ತಾಗಿದರೂ ಉರಿ, ಖಾರ ತಾಗಿದರೂ ಉರಿ. ಕನ್ನಡ ಎರಡಕ್ಕೂ ಒಂದೇ ಮಾತು ಇಟ್ಟಿದೆ. ಈ ಬಾಗಿಲನ್ನು ಮುಚ್ಚುವ ಅಣುಗಳನ್ನು ಜನರಿಗೆ ಕೊಟ್ಟಾಗ ಮೈ ಬಿಸಿ ಏರಿ ಜ್ವರ ಬಂತು, ಬಿಸಿ ಕಾಫಿಯ ಬಿಸಿಯೂ ತಿಳಿಯದಂತಾಯಿತು. ಅಲ್ಲಿಗೆ ಅವನ್ನು ಕೈಬಿಟ್ಟರು.

ಈಗ ಗೆದ್ದ ಎರಡು ಕಥೆ.

ಮೊದಲನೆಯದು ಸಮುದ್ರದ ಒಂದು ವಿಷದ ಬಸವನಹುಳುವಿನದು. ಅದರ ಚಿಪ್ಪು ಚಂದ, ಅದು ಮೀನನ್ನು ವಿಷದ ಮುಳ್ಳಿನಿಂದ ಚುಚ್ಚಿ ಹಿಡಿಯುತ್ತದೆ. ಫಿಲಿಪೀನ್ಸ್‌ನಿಂದ ಬಂದು ಯೂಟಾ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ಬಾಲ್ಡೊಮೆರೊ ಒಲಿವೆರಾ ತಮ್ಮ ಊರಿನ ಸಮುದ್ರದ ಈ ಹುಳುವನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ಆ ವಿಷದಲ್ಲಿ ನೋವಿನ ಕ್ಯಾಲ್ಸಿಯಂ ಬಾಗಿಲನ್ನು ಮುಚ್ಚುವ ಅಂಶವನ್ನು ಬೇರ್ಪಡಿಸಿದ್ದು ಮೈಕಲ್ ಮ್ಯಾಕಿಂಟೋಷ್, ಆಗಷ್ಟೇ ಹೈಸ್ಕೂಲು ಮುಗಿಸಿ ಲ್ಯಾಬಿಗೆ ಬಂದ ಹುಡುಗ. ಪದವಿ ತರಗತಿಯವರೇ, ಕೇಳಿಸಿತೇ? ನಿಮ್ಮದೇ ವಯಸ್ಸು. ಅದು ಜಿಕೊನೊಟೈಡ್ ಎಂಬ ಔಷಧಿಯಾಗಿ 2004ರಲ್ಲಿ ಒಪ್ಪಿಗೆ ಪಡೆಯಿತು. ಚಟ ಹಿಡಿಸುವುದಿಲ್ಲ. ಆದರೆ ಪಂಪಿನ ಮೂಲಕ ಬೆನ್ನುಹುರಿಯ ದ್ರವಕ್ಕೇ ಹಾಕಬೇಕು, ಹಾಗಾಗಿ ಬೇರೆ ದಾರಿಯಿಲ್ಲದವರಿಗೆ ಮಾತ್ರ.

ಎರಡನೆಯದು ಹೊಸದು. 1996ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಜಾನ್ ವುಡ್ ತಂಡ ನ್ಯಾವ್ 1.8ರ ಬಾಗಿಲನ್ನು ವಿವರಿಸಿತು. ಅದನ್ನು ಮಾತ್ರ ಮುಚ್ಚುವ ಸುಜೆಟ್ರಿಜಿನ್ ಎಂಬ ಮಾತ್ರೆಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2025ರ ಜನವರಿ 30ರಂದು. ನಡುವೆ ಇಪ್ಪತ್ತೊಂಬತ್ತು ವರ್ಷ. ಮಾಡಿದ್ದು ವರ್ಟೆಕ್ಸ್ ಕಂಪನಿ. ನಾನು ಅಲ್ಲಿಯವಳಲ್ಲ, ಆದರೂ ಆ ದಿನ ನಮ್ಮ ಲ್ಯಾಬಿನಲ್ಲಿ ನಾವು ಸಿಹಿ ಹಂಚಿಕೊಂಡೆವು. ಅದು ಮಿದುಳಿಗೆ ಹೋಗಿ ಕೆಲಸ ಮಾಡುವುದಿಲ್ಲ, ನೋವಿನ ನರದಲ್ಲೇ ಸುದ್ದಿಯನ್ನು ತಡೆಯುತ್ತದೆ. ಎರಡು ಬಗೆಯ ಶಸ್ತ್ರಚಿಕಿತ್ಸೆ ಆದವರಲ್ಲಿ, ತಲಾ ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ ಹುಸಿ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತು. ಅಫೀಮಿನ ಜಾತಿಯ ಮಾತ್ರೆಗಿಂತ ಮೇಲು ಎಂದು ಮಾತ್ರ ತೋರಿಸಲಿಲ್ಲ. ಈಗ ಒಪ್ಪಿಗೆ ಇರುವುದು ವಯಸ್ಕರಿಗೆ, ಶಸ್ತ್ರಚಿಕಿತ್ಸೆಯ ನಂತರ ಬರುವಂಥ ತಾತ್ಕಾಲಿಕ ನೋವಿಗೆ. ಬೆನ್ನಿನಿಂದ ಕಾಲಿಗೆ ಇಳಿಯುವ ದೀರ್ಘಕಾಲದ ನರನೋವಿನ ಮೇಲೆ ನೋಡಿದಾಗ, ಮಾತ್ರೆ ತೆಗೆದುಕೊಂಡವರಿಗೂ ನೋವು ಇಳಿಯಿತು, ಹುಸಿ ಮಾತ್ರೆ ತೆಗೆದುಕೊಂಡವರಿಗೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನೋವು ಇಳಿಯಿತು ಎಂದು ಹೇಗೆ ಗೊತ್ತಾಯಿತು? ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ, ಬಿಪಿಗೆ ಯಂತ್ರ ಇದೆ. ನೋವಿಗೆ ಯಾವ ಯಂತ್ರವೂ ಇಲ್ಲ. ಇಲಿ ಕಾಲು ಎಳೆದುಕೊಳ್ಳುತ್ತದೆಯೇ ಹೊರತು ಹೇಗೆ ನೋವಾಗುತ್ತಿದೆ ಎಂದು ಹೇಳುವುದಿಲ್ಲ. ಕೋಟ್ಯಂತರ ಡಾಲರು ಖರ್ಚಾದ ಮೇಲೆ, ರೋಬೋಟುಗಳ ಕೆಲಸ ಮುಗಿದ ಮೇಲೆ, ಕೊನೆಗೆ ಒಬ್ಬ ಮನುಷ್ಯನನ್ನು ಕೇಳುತ್ತೇವೆ: "ಸೊನ್ನೆಯಿಂದ ಹತ್ತರ ಒಳಗೆ ಎಷ್ಟು?" ಅವನು ಹೇಳಿದ್ದನ್ನು ಬರೆದುಕೊಳ್ಳುತ್ತೇವೆ. ನಮ್ಮ ವಿಜ್ಞಾನ ಪಾಕಿಸ್ತಾನದ, ಚೀನಾದ ಮನೆಗಳಲ್ಲಿ ಯಾರೋ ಹೇಳಿದ್ದನ್ನು ಯಾರೋ ಕೂತು ಕೇಳಿದ್ದರಿಂದ ಶುರುವಾಯಿತು. ಮುಗಿಯುವುದೂ ಯಾರೋ ಹೇಳುವ ಮಾತಿನಿಂದ. ನೋವಿನ ವಿಜ್ಞಾನದಲ್ಲಿ ಭಾಷೆಯೇ ಅಳತೆಗೋಲು.

ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. ನಮ್ಮಮ್ಮ ಅರಸೀಕೆರೆಯವರು. ಎಪ್ಪತ್ತು ದಾಟಿದೆ, ಬಹಳ ವರ್ಷದ ಸಕ್ಕರೆ ಕಾಯಿಲೆ. ಎರಡು ವರ್ಷದ ಹಿಂದೆ ಇಲ್ಲಿಗೆ ಬಂದಿದ್ದಾಗ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಫೋನಿನಲ್ಲಿ ಕನ್ನಡದ ದುಭಾಷಿ ಇದ್ದರು. ಏನು ತೊಂದರೆ ಎಂದು ಕೇಳಿದರೆ ಅಮ್ಮ, "ಏನಿಲ್ಲಪ್ಪ, ಕಾಲು ನೋವು. ವಯಸ್ಸಾಯ್ತಲ್ಲ" ಎಂದರು. ದುಭಾಷಿ ಅಷ್ಟನ್ನೇ ಹೇಳಿದರು, ಡಾಕ್ಟರು ಅಷ್ಟನ್ನೇ ಟೈಪ್ ಮಾಡಿಕೊಂಡರು. ಹೈಸ್ಕೂಲಿನಲ್ಲಿದ್ದ ನನ್ನ ಮಗಳು ಪಕ್ಕದಲ್ಲಿ ಕೂತಿದ್ದವಳು, "ಅಜ್ಜಿ, ಮನೇಲಿ ಬೇರೆ ಥರ ಹೇಳ್ತಿದ್ರಲ್ಲ. ಹೇಗೆ ನೋವು ಅಂತ ಹೇಳಿ" ಎಂದಳು. ಮೊಮ್ಮಗಳು ಕೇಳಿದಳಲ್ಲ, ಅಮ್ಮ ಶುರು ಮಾಡಿದರು. "ಉರಿ ಕಣಮ್ಮ. ಅಂಗಾಲಿಗೆ ಮೆಣಸಿನಕಾಯಿ ಅರೆದು ಹಚ್ಚಿದಂಗೆ. ರಾತ್ರಿ ಹೊದಿಕೆ ತಾಕಿದ್ರೂ ತಡಕೊಳಕ್ಕಾಗಲ್ಲ. ಒಂದೊಂದ್ ಸಲ ಜೋಮು ಹಿಡಿದಂಗೆ, ಇರುವೆ ಹರಿದಂಗೆ."

ದುಭಾಷಿ ಒಂದೊಂದನ್ನೂ ದಾಟಿಸಿದರು. ಡಾಕ್ಟರು ಟೈಪ್ ಮಾಡುವುದನ್ನು ನಿಲ್ಲಿಸಿ, ಅಮ್ಮನ ಕಾಲುಚೀಲ ತೆಗೆಸಿ, ನೈಲಾನ್ ಎಳೆಯಿಂದ ಪಾದವನ್ನು ಒಂದೊಂದು ಕಡೆ ಮುಟ್ಟಿ ನೋಡಿದರು. ಮಂಡಿ ಸವೆದ ನೋವಿಗೂ ನರದ ಉರಿಗೂ ಔಷಧಿ ಬೇರೆ. ಆ ಮಾತುಗಳಿಲ್ಲದಿದ್ದರೆ ಇನ್ನೊಂದು ವರ್ಷ ಮಂಡಿ ನೋವಿನ ಮಾತ್ರೆಯೇ ನಡೆಯುತ್ತಿತ್ತು. ಹತ್ತಕ್ಕೆ ಎಷ್ಟು ಎಂದಾಗ ಅಮ್ಮ, "ನೋವಿಗೂ ಮಾರ್ಕ್ಸ್ ಕೊಡ್ತಾರಾ?" ಎಂದು ನಕ್ಕರು. ಆಮೇಲೆ ಯೋಚನೆ ಮಾಡಿ ನನ್ನ ಕಡೆ ಕೈ ತೋರಿಸಿ, "ಇವಳನ್ನ ಹೆತ್ತಾಗ ಆದದ್ದು ಹತ್ತು ಅಂತ ಇಟ್ಕೊಂಡ್ರೆ, ಇದು ಏಳು" ಎಂದರು. ನಾನು ಕಂಡ ನೋವಿನ ಅಂಕಿಗಳಲ್ಲಿ ಅಷ್ಟು ಖಚಿತವಾಗಿ ಹೇಳಿದ್ದು ಮತ್ತೊಂದಿಲ್ಲ.

ಕೊಟ್ಟ ಮಾತ್ರೆ ಗ್ಯಾಬಪೆಂಟಿನ್. ಅದೂ ಕ್ಯಾಲ್ಸಿಯಂ ಬಾಗಿಲಿಗೆ ಅಂಟಿದ ಒಂದು ಭಾಗವನ್ನು ಹಿಡಿಯುತ್ತದೆ. ಏಳು ಇದ್ದದ್ದು ನಾಲ್ಕು ಐದರ ನಡುವೆ ನಿಂತಿದೆ. ಮಧ್ಯಾಹ್ನವೆಲ್ಲ ತೂಕಡಿಕೆ. "ಇಷ್ಟು ವರ್ಷದಿಂದ ನೋವಿನ ಮಾತ್ರೆ ಮಾಡ್ತಾನೇ ಇದ್ದೀಯಲ್ಲೇ, ನಂದು ಯಾವಾಗ ಬರುತ್ತೆ?" ಎಂದು ಫೋನಿನಲ್ಲಿ ಕೇಳುತ್ತಿರುತ್ತಾರೆ. ಸಕ್ಕರೆ ಕಾಯಿಲೆಯ ನರದ ಉರಿಗೆ ನ್ಯಾವ್ 1.8ರ ಮಾತ್ರೆಗಳನ್ನು ದೊಡ್ಡ ಪ್ರಯೋಗಗಳಲ್ಲಿ ಪರೀಕ್ಷಿಸುತ್ತಿದ್ದಾರೆ, ಕಾಯಬೇಕು ಎಂದು ಹೇಳುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅವರಿಗೆ ಸಮಾಧಾನ. ಸೋಮವಾರ ಮತ್ತೆ 384 ಗುಳಿಯ ತಟ್ಟೆಯ ಮುಂದೆ ಕೂರುವಾಗ ನನಗೂ ಆ ಪ್ರಶ್ನೆ ಕಿವಿಯಲ್ಲಿರುತ್ತದೆ.

ಪದವಿ ಪಡೆಯುತ್ತಿರುವವರೇ, ಕನ್ನಡ ಉಳಿಸಿ ಎಂದು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಉಪಯೋಗಿಸಿ ಎಂದು ಹೇಳಬಹುದಲ್ಲ? ನಮ್ಮಲ್ಲಿ ನೋವಿಗೆ ಎಷ್ಟು ಮಾತುಗಳಿವೆ ನೋಡಿ. ತಲೆ ಸಿಡಿಯುತ್ತದೆ, ಕಾಲು ಸೆಳೆಯುತ್ತದೆ, ಸೊಂಟ ಹಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಕಣ್ಣು ಚುಚ್ಚುತ್ತದೆ, ಹಲ್ಲು ಜುಮ್ಮೆನ್ನುತ್ತದೆ, ಕೈ ಮರಗಟ್ಟುತ್ತದೆ, ಎದೆ ಹಿಂಡುತ್ತದೆ. ಇವುಗಳಲ್ಲಿ ಒಂದೊಂದೂ ವೈದ್ಯರಿಗೆ ಒಂದೊಂದು ಸುಳಿವು. ಎದೆ ಹಿಂಡುತ್ತದೆ ಎಂದು ಯಾರಾದರೂ ಹೇಳಿದರೆ ಯೋಚಿಸುತ್ತಾ ಕೂರಬೇಡಿ, 911ಕ್ಕೆ ಫೋನ್ ಮಾಡಿ.

ನಿಮ್ಮ ಅಜ್ಜ ಅಜ್ಜಿಯರು ಬಂದಾಗ, ಅಥವಾ ಬೇಸಿಗೆ ರಜೆಯಲ್ಲಿ ನೀವು ಊರಿಗೆ ಹೋದಾಗ, "ಚೆನ್ನಾಗಿದ್ದೀರಾ" ಎಂದು ಕೇಳಿ ನಿಲ್ಲಿಸಬೇಡಿ. ಚೆನ್ನಾಗಿದ್ದೀನಿ ಎಂದೇ ಹೇಳುತ್ತಾರೆ. ಎಲ್ಲಿ ನೋವು, ಹೇಗೆ ನೋವು, ಯಾವ ಹೊತ್ತಿಗೆ ಹೆಚ್ಚು, ಏನು ಮಾಡಿದರೆ ಕಡಿಮೆ ಎಂದು ಕೇಳಿ. ಅವರು ಹೇಳಿದ ಮಾತನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಅನುವಾದ ಮಾಡುವ ಭಾರ ನಿಮ್ಮ ಮೇಲೆ ಬೇಡ. ಇಲ್ಲಿ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು, ಕನ್ನಡ ಬೇಕು ಎಂದು ಧೈರ್ಯವಾಗಿ ಕೇಳಿ. ಆದರೆ ಹಿರಿಯರ ಬಾಯಿಂದ ಮಾತು ಹೊರಡಿಸುವ ಕೆಲಸ ದುಭಾಷಿಯಿಂದ ಆಗುವುದಿಲ್ಲ. ಅದು ಮೊಮ್ಮಕ್ಕಳಿಂದ ಮಾತ್ರ ಆಗುವಂಥದ್ದು. ಹತ್ತು ವರ್ಷ ಭಾನುವಾರ ಭಾನುವಾರ ಬಂದು ಕಲಿತಿದ್ದರಲ್ಲಿ ಈ ಕೆಲಸಕ್ಕೆ ಬೇಕಾದಷ್ಟು ಕನ್ನಡ ನಿಮ್ಮಲ್ಲಿ ಧಾರಾಳವಾಗಿದೆ.

ನಿಮ್ಮಲ್ಲಿ ಕೆಲವರು ಜೀವಶಾಸ್ತ್ರ ಓದುತ್ತೀರಿ, ಕೆಲವರು ಕಂಪ್ಯೂಟರ್, ಕೆಲವರು ಸಂಗೀತ. ಯಾರಿಗಾದರೂ ಈ ಬಾಗಿಲುಗಳ ಕಡೆ ಬರುವ ಮನಸ್ಸಾದರೆ ನಮ್ಮ ಲ್ಯಾಬ್ ಫ್ರೀವೇಯಿಂದ ಹತ್ತೇ ನಿಮಿಷ. ಬಂದು ನೋಡಿ. ಕೆಲಸ ಇನ್ನೂ ಬೇಕಾದಷ್ಟು ಬಾಕಿ ಇದೆ, ನ್ಯಾವ್ 1.9ರ ತಂಟೆಗೆ ಹೋದವರೇ ಕಡಿಮೆ.

ನನ್ನ ಪರೀಕ್ಷೆ ಇಲ್ಲಿಗೆ ಮುಗಿಯಿತು. ಎಷ್ಟು ಅಂಕ ಕೊಡುತ್ತೀರೋ ಊಟದ ಸಾಲಿನಲ್ಲಿ ಹೇಳಿ.